ಗೇಟಿನ ಹೊರಗೆ ನಿಲ್ಲುವ ಹೆತ್ತವರು

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳಲ್ಲಿ ಪ್ಲೇ ಹೋಮ್ ಇಲ್ಲದ ರಸ್ತೆ ಈಗ ಅಪರೂಪ. ಬಾಡಿಗೆ ಮನೆಯ ಕಾಂಪೌಂಡಿನ ಮೇಲೆ ಬಣ್ಣದ ಚಿತ್ರ, ಅಂಗಳದಲ್ಲೊಂದು ಪ್ಲಾಸ್ಟಿಕ್ ಜಾರುಬಂಡೆ, ಒಳಗೆ ಎರಡು, ಎರಡೂವರೆ ವರ್ಷದ ಮಕ್ಕಳು. ಬೆಳಿಗ್ಗೆ ಮಗುವನ್ನು ಆಯಾ ಕೈಗೆ ಕೊಟ್ಟ ಮೇಲೆ ತಾಯಿ ಗೇಟಿನಾಚೆಯೇ ಉಳಿಯಬೇಕು. ಮಗು ಅತ್ತರೆ, "ನೀವು ಹೋಗಿಬಿಡಿ ಮೇಡಂ, ನಿಮ್ಮನ್ನ ನೋಡಿದ್ರೆ ಇನ್ನೂ ಜಾಸ್ತಿ ಅಳುತ್ತೆ" ಎನ್ನುತ್ತಾರೆ. ಒಳಗೆ ನಡೆಯುವುದು ಗೊತ್ತಾಗುವುದು ವಾಟ್ಸಾಪಿಗೆ ಬರುವ ಫೋಟೊಗಳಿಂದ, ಶುಲ್ಕ ಹೆಚ್ಚಿರುವ ಕಡೆ ಸಿಸಿಟಿವಿಯಿಂದ. ನನ್ನ ಮುಖ್ಯ ತಕರಾರು ಶುಲ್ಕದ ಬಗ್ಗೆಯಲ್ಲ, ಇಂಗ್ಲಿಷಿನ ಬಗ್ಗೆಯೂ ಅಲ್ಲ. ಪುಟ್ಟ ಮಕ್ಕಳ ಆಟದ ಗುಂಪು ಎಂಬ ಕಲ್ಪನೆಯ ಅರ್ಧ ಜೀವ ಹೆತ್ತವರಲ್ಲಿತ್ತು. ನಾವು ಜಾರುಬಂಡೆ, ಬಣ್ಣ, ಹಾಡು ಎಲ್ಲವನ್ನೂ ತಂದುಕೊಂಡು ಅವರನ್ನು ಮಾತ್ರ ಹೊರಗಿಟ್ಟೆವು.

ಇಂಗ್ಲೆಂಡಿನಲ್ಲಿ ಈ ಗುಂಪುಗಳು ಬೆಳೆದ ಬಗೆಯನ್ನು ನೋಡಿದರೆ ಮಾತು ಸ್ಪಷ್ಟವಾಗುತ್ತದೆ. 1960ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಒಂದು ಸುತ್ತೋಲೆ ಹೊರಡಿಸಿ ಸರ್ಕಾರಿ ನರ್ಸರಿಗಳ ವಿಸ್ತರಣೆಗೆ ತಡೆ ಹಾಕಿತು. ಲಂಡನ್ನಿನ ಬೆಲ್ ಟುಟಾಯೆವ್ ಎಂಬ ತಾಯಿ ತನ್ನ ಮಗಳಿಗೋಸ್ಕರ ನೆರೆಹೊರೆಯವರನ್ನು ಸೇರಿಸಿಕೊಂಡು ತಾನೇ ಒಂದು ಗುಂಪು ಕಟ್ಟಿದಳು. 1961ರಲ್ಲಿ ಗಾರ್ಡಿಯನ್ ಪತ್ರಿಕೆಗೆ ಆಕೆ ಬರೆದ ಕಾಗದ ಓದಿ ದೇಶದ ಬೇರೆ ಬೇರೆ ಕಡೆಯ ತಾಯಂದಿರು ಸ್ಪಂದಿಸಿದರು. ಮರುವರ್ಷ ಅವರದೇ ಒಂದು ಸಂಘ ಹುಟ್ಟಿತು. ಚರ್ಚಿನ ಸಭಾಂಗಣ, ಊರಿನ ಸಮುದಾಯ ಭವನ, ಸಿಕ್ಕಿದ ಜಾಗದಲ್ಲಿ ಬೆಳಿಗ್ಗೆ ನೀರಿನ ತೊಟ್ಟಿ, ಮರಳು, ಹಿಟ್ಟಿನ ಉಂಡೆ, ಬಣ್ಣ ಎಲ್ಲವನ್ನೂ ಹರಡುವುದು, ಮಧ್ಯಾಹ್ನ ಮತ್ತೆ ಬೀರುವಿಗೆ ತುಂಬುವುದು. ಒಬ್ಬಿಬ್ಬರು ಮೇಲ್ವಿಚಾರಕಿಯರ ಜೊತೆ ತಾಯಂದಿರು ಸರದಿಯ ಮೇಲೆ ಬಂದು ಕೂರುತ್ತಿದ್ದರು.

ಆ ಸರದಿಯೇ ಇಡೀ ವ್ಯವಸ್ಥೆಯ ಅತ್ಯುತ್ತಮ ಅಂಶ ಎಂದು ನಾನು ತಿಳಿದಿದ್ದೇನೆ. ಮನೆಯಲ್ಲಿ ಒಂದೇ ಮಗುವನ್ನು ನೋಡುತ್ತಾ ಕೂತ ತಾಯಿಗೆ ಅದು ಮಾಡಿದ್ದೆಲ್ಲ ಅದರ ಗುಣವಾಗಿಯೋ ತನ್ನ ತಪ್ಪಾಗಿಯೋ ಕಾಣುತ್ತದೆ. ಹತ್ತಾರು ಮಕ್ಕಳ ನಡುವೆ ಕೂತಾಗ ಕಚ್ಚುವುದು, ಕಿತ್ತುಕೊಳ್ಳುವುದು, ಮಾತಿಲ್ಲದೆ ಮೂಲೆಯಲ್ಲಿ ನಿಂತು ನೋಡುವುದು ಎಲ್ಲವೂ ಆ ವಯಸ್ಸಿನದು ಎಂದು ಗೊತ್ತಾಗುತ್ತದೆ. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನರ್ಸರಿ ಮಕ್ಕಳ ಆಟದ ಹಂತಗಳನ್ನು ಗುರುತಿಸಿದರು: ಒಬ್ಬಂಟಿಯಾಗಿ ಆಡುವುದು, ನೋಡುತ್ತಾ ನಿಲ್ಲುವುದು, ಪಕ್ಕಪಕ್ಕದಲ್ಲಿ ಕೂತು ತಂತಮ್ಮ ಪಾಡಿಗೆ ಆಡುವುದು, ಬೆರೆಯುವುದು, ಕೊನೆಗೆ ಕೂಡಿ ಆಡುವುದು. ಎರಡು ವರ್ಷದ ಮಗು ಬಹುಮಟ್ಟಿಗೆ ಪಕ್ಕದಲ್ಲಿ ಕೂತು ಆಡುವ ಮಗು. ಇನ್ನೊಬ್ಬರ ಬಕೆಟ್ಟಿಗೆ ತನ್ನ ಮರಳು ಸುರಿಯುವ ಮನಸ್ಸು ಅದಕ್ಕೆ ಬರಲು ಕಾಲ ಬೇಕು. ಇದನ್ನು ಕಣ್ಣಾರೆ ಕಂಡ ತಾಯಿ ತಂದೆ ಮಗುವನ್ನು ಅವಸರಪಡಿಸುವುದಿಲ್ಲ. ನಮ್ಮಲ್ಲಿ ಅದೇ ವಯಸ್ಸಿನ ಮಗುವಿನ ಪ್ರಗತಿ ಪತ್ರದಲ್ಲಿ 'ಶೇರಿಂಗ್' ಎಂಬುದಕ್ಕೆ ನಕ್ಷತ್ರ ಹಾಕುತ್ತಾರೆ, ಅಥವಾ ಹಾಕುವುದಿಲ್ಲ. ನಕ್ಷತ್ರ ಬರದ ಮಗುವಿನ ತಾಯಿಗೆ ಆಗುವ ಸಂಕಟ ತೀರಾ ಅನಗತ್ಯವಾದದ್ದು. ಒಂದೇ ಒಂದು ಬೆಳಿಗ್ಗೆ ಒಳಗೆ ಕೂತಿದ್ದರೆ ಅದು ಅರ್ಧ ಕರಗುತ್ತಿತ್ತು.

ಸಿಸಿಟಿವಿ ಇದಕ್ಕೆ ಬದಲಿಯಾಗಲಾರದು. ಅದರಲ್ಲಿ ಕಾಣುವುದು ನಮ್ಮ ಮಗು ಮಾತ್ರ. ನಾವು ಹುಡುಕುವುದೂ ಅದನ್ನೇ. ಪಕ್ಕದ ಮಗು ಯಾಕೆ ಅಳುತ್ತಿದೆ, ಮಿಸ್ ಅದನ್ನು ಹೇಗೆ ಸಮಾಧಾನ ಮಾಡಿದರು ಎಂಬುದು ನಮಗೆ ದಕ್ಕುವುದಿಲ್ಲ. ಕ್ಯಾಮೆರಾ ಅನುಮಾನ ಹುಟ್ಟಿಸುತ್ತದೆ, ಕಲಿಸುವುದಿಲ್ಲ.

ಹೆತ್ತವರು ಒಳಗಿಲ್ಲದ ಕಡೆ ಆಟವೇ ಬೇಗ ಸವೆದುಹೋಗುತ್ತದೆ ಎಂಬುದೂ ನನ್ನ ಅನಿಸಿಕೆ. ಮನೆಗೆ ಏನನ್ನಾದರೂ ಕಳಿಸಲೇಬೇಕಾದಾಗ ಮರಳನ್ನು ಕಳಿಸಲಾಗುವುದಿಲ್ಲ, ವರ್ಕ್‌ಶೀಟನ್ನು ಕಳಿಸಬಹುದು. ಹಾಗಾಗಿ ಪೆನ್ಸಿಲ್ ಹಿಡಿಯಲು ಇನ್ನೂ ಬಲಿಯದ ಬೆರಳುಗಳು ಚುಕ್ಕಿ ಕೂಡಿಸುತ್ತವೆ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳಿಗೂ ಆಟದ ಮೂಲಕವೇ ಕಲಿಕೆ ಎನ್ನುತ್ತದೆ. ಅದಕ್ಕೂ ಚಿಕ್ಕ ಮಕ್ಕಳಿಗೆ ಚುಕ್ಕಿಯ ಹಾಳೆ ಕೊಡುವುದನ್ನು ಯಾವ ವಾದದಿಂದಲೂ ಸಮರ್ಥಿಸಲಾಗದು.

ಇಷ್ಟು ಹೇಳಿ ಇಂಗ್ಲೆಂಡಿನ ಮಾದರಿಯನ್ನು ಹಾಗೇ ಎತ್ತಿ ತರಬೇಕೆನ್ನಲಾರೆ. ಅದರ ಅಡಿಗಲ್ಲು ಹೆಂಗಸರ ಸಂಬಳವಿಲ್ಲದ ದುಡಿಮೆ. ಬೆಳಿಗ್ಗೆ ಎರಡು ಮೂರು ತಾಸು ಬಿಡುವಿದ್ದವಳು ಮಾತ್ರ ಸರದಿಗೆ ಬರಬಲ್ಲಳು; ಕಾರ್ಖಾನೆಗೆ ಹೋಗುವವಳಿಗೆ ಅದು ದಕ್ಕದು. ತಾಯಂದಿರು ಹೆಚ್ಚು ಹೆಚ್ಚಾಗಿ ಕೆಲಸಕ್ಕೆ ಹೋಗತೊಡಗಿದಾಗ, ನಾಲ್ಕರ ಮಕ್ಕಳನ್ನು ಶಾಲೆಗಳೇ ಸೇರಿಸಿಕೊಳ್ಳತೊಡಗಿದಾಗ, ಅಲ್ಲಿನ ಗುಂಪುಗಳೂ ಸೊರಗಿದವು. ನ್ಯೂಜಿಲೆಂಡಿನಲ್ಲಿ 1941ರಲ್ಲಿ, ಗಂಡಸರು ಯುದ್ಧಕ್ಕೆ ಹೋಗಿದ್ದಾಗ ವೆಲ್ಲಿಂಗ್ಟನ್ನಿನಲ್ಲಿ ಶುರುವಾದ ಪ್ಲೇಸೆಂಟರುಗಳು ಮಾತ್ರ ಹೆತ್ತವರಿಗೇ ತರಬೇತಿ ಕೊಟ್ಟು, ಅವರ ಕೈಯಲ್ಲೇ ಇಂದಿಗೂ ನಡೆಯುತ್ತಿವೆ. ಬಿಡುವಿನ ಪ್ರಶ್ನೆ ಅಲ್ಲಿಯೂ ತಪ್ಪಿದ್ದಲ್ಲ.

ಇದೆಲ್ಲ ಯಾಕೆ, ಹಿಂದೆ ನಮ್ಮ ಜಗಲಿಯಲ್ಲಿ ಮಕ್ಕಳು ತಾವಾಗಿ ಬೆಳೆಯುತ್ತಿರಲಿಲ್ಲವೇ ಎನ್ನುವವರಿದ್ದಾರೆ. ಜಗಲಿಯ ನೆನಪು ಸುಳ್ಳಲ್ಲ. ಆದರೆ ಆ ಕೂಸುಗಳನ್ನು ಸೊಂಟದ ಮೇಲೆ ಹೊತ್ತು ತಿರುಗಿದವರು ಎಂಟು ಹತ್ತು ವರ್ಷದ ಅಕ್ಕಂದಿರು. ಅವರಲ್ಲಿ ಎಷ್ಟೋ ಜನ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅವರ ಬಾಲ್ಯ ತೆತ್ತು ಪಡೆದ ಜಗಲಿಯನ್ನು ಹೊಗಳಲು ನನಗೆ ಮನಸ್ಸಾಗುವುದಿಲ್ಲ.

ಆ ಅಕ್ಕಂದಿರನ್ನು ಬಿಡಿಸಿದ್ದರಲ್ಲಿ ಅಂಗನವಾಡಿಯ ಪಾಲು ದೊಡ್ಡದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ತಿರುಮಕೂಡಲು ನರಸೀಪುರವನ್ನು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಮಗು ನಡೆದು ಹೋಗುವಷ್ಟು ಹತ್ತಿರ, ಅದರ ಮನೆಮಾತಿನಲ್ಲೇ ಮಾತಾಡುವ ಕಾರ್ಯಕರ್ತೆ, ಹೊಟ್ಟೆಗೆ ಊಟ: ಯಾವ ಪ್ಲೇ ಹೋಮಿಗೂ ಈ ಮೂರನ್ನು ಒಟ್ಟಿಗೆ ಕೊಡಲಾಗಿಲ್ಲ. ಅಂಗನವಾಡಿ ಸೋತಿರುವುದು ಆಟದಲ್ಲಿ. ತೂಕ ನೋಡುವುದು, ಗರ್ಭಿಣಿಯರ ಪಟ್ಟಿ, ಪೋಷಣ್ ಟ್ರ್ಯಾಕರ್ ಆಪ್, ಸಮೀಕ್ಷೆ, ಚುನಾವಣೆಯ ಮತದಾರರ ಪಟ್ಟಿ ಇವುಗಳ ನಡುವೆ ಒಬ್ಬ ಕಾರ್ಯಕರ್ತೆ ಮಕ್ಕಳ ಜೊತೆ ನೆಲಕ್ಕೆ ಕೂರುವ ಹೊತ್ತು ಯಾವುದು? ಪ್ರತಿ ಅಂಗನವಾಡಿಗೂ ತಾಯಂದಿರಿರುವ ಬಾಲವಿಕಾಸ ಸಮಿತಿ ಇದೆ. ಅವರನ್ನು ಮೊಟ್ಟೆ, ದಿನಸಿಯ ಲೆಕ್ಕಕ್ಕೆ ಕರೆಯುತ್ತೇವೆ. ಮಕ್ಕಳು ಆಡುವಾಗ ಪಕ್ಕದಲ್ಲಿ ಕೂರಿ ಎಂದು ಕರೆಯುವುದಿಲ್ಲ.

ದಾರಿಯ ಒಂದು ಸುಳಿವು ನಮ್ಮ ಗ್ರಾಮ ಪಂಚಾಯಿತಿಗಳಲ್ಲೇ ಸಿಕ್ಕಿದೆ. 2023ರಲ್ಲಿ ರಾಜ್ಯ ಸರ್ಕಾರ 'ಕೂಸಿನ ಮನೆ'ಗಳನ್ನು ತೆರೆಯತೊಡಗಿದಾಗ, ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲು ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಇದ್ದ ಅದೇ ಊರಿನ ಹೆಂಗಸರನ್ನು ಸರದಿಯ ಮೇಲೆ ತೆಗೆದುಕೊಂಡು ಕೂಲಿ ಕೊಡುವ ಏರ್ಪಾಡು ಮಾಡಿತು. ಇಂಗ್ಲೆಂಡಿನ ತಾಯಂದಿರಿಗೆ ಸಿಗದೇ ಹೋದದ್ದು ಇದೇ: ಸರದಿಗೆ ಕೂಲಿ. ಮಗು ನೋಡಿಕೊಳ್ಳುವುದೂ ಮಣ್ಣು ಹೊರುವಷ್ಟೇ ದುಡಿಮೆ ಎಂದು ಸರ್ಕಾರದ ಮಸ್ಟರ್ ರೋಲು ಒಪ್ಪಿದ್ದು ಸಣ್ಣ ಸಂಗತಿಯಲ್ಲ. ಈ ಕ್ರಮ ಅಂಗನವಾಡಿಗೂ ಬರಬೇಕು. ದಿನಕ್ಕೊಬ್ಬ ತಾಯಿ, ಇಲ್ಲವೇ ಒಬ್ಬ ತಂದೆ, ಕೂಲಿ ಪಡೆದು ಬೆಳಗಿನ ಎರಡು ತಾಸು ಒಳಗೆ ಕೂರಲಿ. ಅವರ ಕೈಗೆ ಪೊರಕೆಯನ್ನಾಗಲಿ ರಿಜಿಸ್ಟರನ್ನಾಗಲಿ ಕೊಡದೆ ಮಕ್ಕಳ ನಡುವೆ ಬಿಡಬೇಕು. ಪ್ಲೇ ಹೋಮುಗಳಿಂದ ಅಷ್ಟನ್ನು ಈಗಲೇ ನಿರೀಕ್ಷಿಸಲಾಗದಿದ್ದರೂ, ಮಗು ಸೇರಿದ ಮೊದಲ ವಾರವಾದರೂ ಹೆತ್ತವರು ಒಳಗಿರಬಹುದು ಎಂಬ ನಿಯಮಕ್ಕೆ ದುಡ್ಡು ಖರ್ಚಾಗುವುದಿಲ್ಲ. ಸೇರಿಸುವ ಮುನ್ನ ನಾವು ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ. ಅದಕ್ಕೆ ಒಪ್ಪದ ಕಡೆ ಮಗುವನ್ನು ಬಿಡಬೇಡಿ ಎಂದು ನನ್ನನ್ನು ಕೇಳುವ ಎಲ್ಲರಿಗೂ ಹೇಳುತ್ತೇನೆ.