ಏಳು ಪ್ರಶ್ನೆ, ಒಂದು ರೇಷ್ಮೆಗೂಡು

ಅದು ಹೇಗಿದೆ? ಹೇಗೆ ಕೆಲಸ ಮಾಡುತ್ತದೆ? ಯಾಕೆ ಹಾಗಿದೆ? ಹೇಗೆ ಬದಲಾಗುತ್ತಿದೆ? ಯಾವುದರೊಂದಿಗೆ ಅದಕ್ಕೆ ನಂಟು? ಬೇರೆಯವರ ಕಣ್ಣಿಗೆ ಅದು ಹೇಗೆ ಕಾಣುತ್ತದೆ? ನಮ್ಮ ಹೊಣೆ ಏನು?

ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್) ಶಾಲೆಗಳ ಪ್ರಾಥಮಿಕ ಪಠ್ಯಕ್ರಮವನ್ನು ಹಿಂಡಿದರೆ ಉಳಿಯುವುದು ಈ ಏಳು ಪ್ರಶ್ನೆ. 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ಸಂಸ್ಥೆ 1997ರಲ್ಲಿ ಚಿಕ್ಕ ಮಕ್ಕಳಿಗಾಗಿ ಶುರುಮಾಡಿದ 'ಪ್ರೈಮರಿ ಇಯರ್ಸ್ ಪ್ರೋಗ್ರಾಮ್' ಇದು. ಬೆಂಗಳೂರಿನ ಸುತ್ತಮುತ್ತಲೂ ಇಂಥ ಶಾಲೆಗಳಿವೆ. ಅವುಗಳ ಶುಲ್ಕದ ಮಾತೆತ್ತಿದರೆ ರಸಭಂಗವಾಗುತ್ತದೆ. ಇವತ್ತಿಗೆ ಅದು ಬೇಡ.

ಈ ಹಂತದ ಕೊನೆಯ ವರ್ಷ, ಸಾಮಾನ್ಯವಾಗಿ ಐದನೇ ತರಗತಿಯಲ್ಲಿ, 'ಎಕ್ಸಿಬಿಷನ್' ನಡೆಯುತ್ತದೆ. ಮಕ್ಕಳ ಗುಂಪು ತಾನೇ ಒಂದು ವಿಷಯ ಆರಿಸಿಕೊಂಡು ವಾರಗಟ್ಟಲೆ ಅದರ ಬೆನ್ನು ಹತ್ತುತ್ತದೆ. ನಗರದ ಉತ್ತರದ ಅಂಚಿನ ಶಾಲೆಯೊಂದರಲ್ಲಿ ನಾನು ನೋಡಿದ ಗುಂಪು ಆರಿಸಿಕೊಂಡಿದ್ದು ರೇಷ್ಮೆಗೂಡನ್ನು. ದೇವನಹಳ್ಳಿ ದಾಟಿ ವಿಜಯಪುರ, ಶಿಡ್ಲಘಟ್ಟದ ಕಡೆ ಹೊರಟರೆ ಹಿಪ್ಪುನೇರಳೆ ತೋಟಗಳೇ ಸಿಗುತ್ತವೆ. ಹತ್ತಿರದಲ್ಲೇ ಇದ್ದದ್ದು ಈ ಮಕ್ಕಳ ಕಣ್ಣಿಗೆ ಬಿತ್ತಲ್ಲ ಎಂಬುದೇ ನನಗೆ ಮೊದಲ ಖುಷಿ.

ಮೇಜಿನ ಮೇಲೆ ಬಿಸಿನೀರಿನ ಬಟ್ಟಲು. ಅದರಲ್ಲಿ ಬೇಯಿಸಿದ ಒಂದು ಗೂಡು ತೇಲುತ್ತಿತ್ತು. ಹುಡುಗಿಯೊಬ್ಬಳು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅದರ ಮೈ ಸವರುತ್ತಿದ್ದಳು. ಮೊದಲು ಬಂದದ್ದು ಬರೀ ಸಿಕ್ಕು. ಸಿಕ್ಕನ್ನು ಎಳೆದು ಎಸೆದಳು, ಮತ್ತೆ ಸವರಿದಳು. ಆಮೇಲೆ ಒಂದೇ ಒಂದು ಎಳೆ ಬ್ರಷ್ಷಿಗೆ ಅಂಟಿ ಮೇಲೆದ್ದಿತು. ಕಿಟಕಿಯ ಬೆಳಕಿಗೆ ಅಡ್ಡ ಹಿಡಿದಾಗ ಮಾತ್ರ ಕಾಣುವಷ್ಟು ಸಣ್ಣ ಎಳೆ. ಅವಳ ಜೊತೆಗಾರ ಅದನ್ನು ರಟ್ಟಿಗೆ ಸುತ್ತತೊಡಗಿದ. ಬಟ್ಟಲಿನಲ್ಲಿ ಗೂಡು ಗಿರಗಿರನೆ ತಿರುಗುತ್ತಿತ್ತು. ಒಂದು ಸುತ್ತಿಗೆ ಅರ್ಧ ಮೀಟರ್. ಇನ್ನೊಬ್ಬ ಗೋಡೆಯ ಹಾಳೆಯ ಮೇಲೆ ಗೀಟು ಹಾಕುತ್ತಿದ್ದ. ಒಂದು ಗೂಡಿನ ಎಳೆ ಕಿಲೋಮೀಟರಿನ ಹತ್ತಿರಕ್ಕೂ ಹೋಗುವುದುಂಟು. ಆ ಉದ್ದ ಪುಸ್ತಕದಲ್ಲಿ ಓದಿದವನಿಗೆ ಅಂಕಿ, ಗೀಟು ಹಾಕಿದವನಿಗೆ ತೋಳಿನ ನೋವು. ಗುಣಾಕಾರ ಅಲ್ಲೇ ನಡೆಯಿತು, ಯಾರೂ ಅದನ್ನು ಗಣಿತದ ಪೀರಿಯಡ್ ಎನ್ನಲಿಲ್ಲ.

ರೈತರ ಮನೆಗೆ ಹೋಗಿ ಬಂದವರ ಪುಸ್ತಕದಲ್ಲಿ ಹುಳದ ನಾಲ್ಕು ಜ್ವರಗಳ ಚಿತ್ರವಿತ್ತು. ಹುಳು ಮೇವು ಬಿಟ್ಟು ತಲೆಯೆತ್ತಿ ನಿಶ್ಚಲವಾಗಿ ಕೂತು ಪೊರೆ ಕಳಚುವುದಕ್ಕೆ ರೈತರು ಹಾಗನ್ನುತ್ತಾರೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಚಿತ್ರವೂ ಇತ್ತು, ಬಿದಿರಿನ ಸುರುಳಿಯನ್ನು ಎಷ್ಟು ತಾಳ್ಮೆಯಿಂದ ಬರೆದಿದ್ದರೆಂದರೆ ನಾನು ಅದರ ಮುಂದೆ ಬಹಳ ಹೊತ್ತು ನಿಂತೆ. ಟಿಪ್ಪು ಸುಲ್ತಾನ ಮೈಸೂರು ಸೀಮೆಗೆ ರೇಷ್ಮೆ ಕೃಷಿ ತಂದದ್ದು, ಮುಂದೆ ಜೆಮ್‌ಷೆಡ್‌ಜಿ ಟಾಟಾ ಜಪಾನಿನ ಪರಿಣತರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದದ್ದು, 1912ರಲ್ಲಿ ಮೈಸೂರಿನ ನೇಯ್ಗೆ ಕಾರ್ಖಾನೆ ಶುರುವಾದದ್ದು ಒಂದು ಉದ್ದನೆಯ ದಾರದ ಮೇಲೆ ತೂಗುತ್ತಿದ್ದವು. ಆ ಭಾಗ ಚೊಕ್ಕಟವಾಗಿತ್ತು, ಸ್ವಲ್ಪ ದೊಡ್ಡವರ ಕೈವಾಡದ ವಾಸನೆಯೂ ಇತ್ತು.

ಗುಂಪು ಒಡೆದದ್ದು ಏಳನೆಯ ಪ್ರಶ್ನೆಗೆ ಬಂದಾಗ. ಚಿಟ್ಟೆ ಗೂಡು ಸೀಳಿ ಹೊರಬಂದರೆ ಎಳೆ ತುಂಡಾಗುತ್ತದೆ, ಅದಕ್ಕೇ ಪೊರೆಹುಳು ಒಳಗಿರುವಾಗಲೇ ಕೊಲ್ಲಬೇಕು. ಹಾಗಾದರೆ ಅಮ್ಮನ ಸೀರೆ? ಒಬ್ಬಳು ಇನ್ನು ರೇಷ್ಮೆ ಉಡುವುದೇ ಇಲ್ಲವೆಂದಳು. ಮತ್ತೊಬ್ಬ, ತಾವು ನೋಡಿ ಬಂದ ಮನೆಯ ಅಜ್ಜಿ ಗೂಡು ಮಾರಿದ ದುಡ್ಡಿನಲ್ಲೇ ಮೊಮ್ಮಗಳನ್ನು ಕಾಲೇಜಿಗೆ ಕಳಿಸುತ್ತಿರುವುದನ್ನು ಎತ್ತಿದ. "ಆ ಅಜ್ಜಿಗೆ ನೀನು ಏನಂತ ಹೇಳ್ತೀಯ?" ಅವಳಿಗೆ ಉತ್ತರ ಹೊಳೆಯಲಿಲ್ಲ, ಆದರೆ ಅವಳು ಸೋಲಲೂ ಇಲ್ಲ. ಚಿಟ್ಟೆ ಹಾರಿದ ಮೇಲಿನ ಗೂಡಿನಿಂದಲೂ ನೂಲು ತೆಗೆಯುತ್ತಾರೆಂದು ಓದಿಕೊಂಡಿದ್ದಳು. ಅದು ದುಬಾರಿ ಎಂದು ಇವನೂ ಓದಿಕೊಂಡಿದ್ದ. ಟೀಚರ್ ಪಕ್ಕದಲ್ಲೇ ಇದ್ದರು, ಬಾಯಿ ಬಿಡಲಿಲ್ಲ. ಅಷ್ಟು ಹೊತ್ತು ಸುಮ್ಮನಿರುವುದು ಮೇಷ್ಟ್ರುಗಳಿಗೆ ಎಷ್ಟು ಕಷ್ಟವೆಂದು ಬಲ್ಲವರೇ ಬಲ್ಲರು.

ಕೊನೆಗೆ ಮಕ್ಕಳು ಫಲಕದ ನಡುವೆ ಗೆರೆ ಎಳೆದು ಎರಡೂ ಉತ್ತರ ಬರೆದರು. ಮೂವರು ಒಂದು ಕಡೆ ಸಹಿ ಹಾಕಿದರು, ಇಬ್ಬರು ಇನ್ನೊಂದು ಕಡೆ. ಗೀಟು ಹಾಕಿದ್ದ ಹುಡುಗ ಮಾತ್ರ ಎರಡರ ಕೆಳಗೂ ಹೆಸರು ಬರೆದ.