ಎದುರು ಅರ್ಥಧಾರಿ ಇಲ್ಲದ ಚರಿತ್ರೆ



ಮೂಡುಬಿದಿರೆಯಿಂದ ವೇಣೂರು, ಗುರುವಾಯನಕೆರೆ ಮಾರ್ಗವಾಗಿ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ನೀವೂ ಪ್ರಯಾಣ ಮಾಡಿರಬಹುದು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯಾಚೆ ದೃಷ್ಟಿ ನೆಟ್ಟ ತರುಣರು ಆ ಬಸ್ಸಿನಲ್ಲಿ ಯಾವಾಗಲೂ ಕಾಣಸಿಗುತ್ತಾರೆ. ಸಿನಿಮಾ ಹಾಡು ಕೇಳುತ್ತಿರಬೇಕು ಎಂದು ನೀವು ಭಾವಿಸಿದ್ದರೆ ಅದರಲ್ಲಿ ತಪ್ಪೇನಿಲ್ಲ. ನಾನೂ ಹಾಗೆಯೇ ಭಾವಿಸಿದ್ದೆ. ಒಂದು ದಿನ ಪಕ್ಕದಲ್ಲಿ ಕುಳಿತಿದ್ದ ನನ್ನ ತಂಗಿಯ ಮಗ, ಹೈಸ್ಕೂಲು ವಿದ್ಯಾರ್ಥಿ, ತನ್ನ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟ. ಹಾಡಿರಲಿಲ್ಲ. ಒಬ್ಬ ಮನುಷ್ಯ ಸಾವಧಾನವಾಗಿ ರೋಮ್ ಸಾಮ್ರಾಜ್ಯದ ಕಥೆ ಹೇಳುತ್ತಿದ್ದ. 1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಗೊಮ್ಮಟನ ಊರು ವೇಣೂರನ್ನು ಬಸ್ಸು ದಾಟಿದ್ದು ನನಗೆ ತಿಳಿಯಲೇ ಇಲ್ಲ.

ಇದಕ್ಕೆ ಪಾಡ್‌ಕಾಸ್ಟ್ ಎನ್ನುತ್ತಾರೆ. ಈ ಹೆಸರು 2004ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರ ಲೇಖನದಲ್ಲಿ ಮೊದಲು ಕಾಣಿಸಿಕೊಂಡಿತು. ಧ್ವನಿಮುದ್ರಿತ ಕಾರ್ಯಕ್ರಮವನ್ನು ಕಂತುಕಂತಾಗಿ ಅಂತರ್ಜಾಲದಲ್ಲಿ ಇಡುತ್ತಾರೆ. ನಾವು ಬೇಕಾದಾಗ ಮೊಬೈಲಿಗೆ ಇಳಿಸಿಕೊಂಡು ಕೇಳಬಹುದು. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದಾಗ ಕಾರ್ಯಕ್ರಮದ ಹೊತ್ತಿಗೆ ರೇಡಿಯೊದ ಮುಂದೆ ನಾವು ಕಾದು ಕೂರಬೇಕಿತ್ತು. ಈಗ ಕಾರ್ಯಕ್ರಮವೇ ನಮಗಾಗಿ ಕಾದಿರುತ್ತದೆ. ಅಡಿಕೆ ಸುಲಿಯುವಾಗ, ಬೀಡಿ ಕಟ್ಟುವಾಗ, ರಬ್ಬರ್ ಹಾಲು ತೆಗೆಯುವಾಗ ಕೈ ಕೆಲಸದಲ್ಲಿದ್ದರೂ ಕಿವಿ ಬಿಡುವಾಗಿರುತ್ತದೆ. ಕಣ್ಣು ಮಂಜಾಗಿ ಪುಸ್ತಕ ಬದಿಗಿಟ್ಟ ಹಿರಿಯರಿಗಂತೂ ಇದೊಂದು ವರದಾನ. ಇಷ್ಟನ್ನು ಮೊದಲೇ ಒಪ್ಪಿಕೊಂಡು, ಕಳೆದ ಕೆಲವು ತಿಂಗಳಲ್ಲಿ ನಾನು ಕೇಳಿದ್ದರ ಗುಣದೋಷಗಳನ್ನು ನಿಮ್ಮ ಮುಂದಿಡುತ್ತೇನೆ.

ತಂಗಿಯ ಮಗ ಕೇಳಿಸಿದ್ದು ಅಮೆರಿಕದ ಮೈಕ್ ಡಂಕನ್ ಅವರ 'ದಿ ಹಿಸ್ಟರಿ ಆಫ್ ರೋಮ್'. 2007ರಲ್ಲಿ ಆರಂಭವಾಗಿ 2012ರಲ್ಲಿ ಮುಗಿದ ಈ ಮಾಲಿಕೆಯ ಕ್ರಮಸಂಖ್ಯೆ 179ರವರೆಗೆ ಹೋಗಿದೆ. ಅವರದು ಒಂದೇ ಸ್ವರ, ಒಂದೇ ಗತಿ. ನಗರದ ಹುಟ್ಟಿನ ಐತಿಹ್ಯದಿಂದ ಪಶ್ಚಿಮ ಸಾಮ್ರಾಜ್ಯದ ಪತನದವರೆಗೆ ಕಾಲಾನುಕ್ರಮವನ್ನು ಬಿಡದೆ ನಡೆಯುತ್ತಾರೆ. ಅದೇ ದೇಶದ ಡ್ಯಾನ್ ಕಾರ್ಲಿನ್ ಅವರ 'ಹಾರ್ಡ್‌ಕೋರ್ ಹಿಸ್ಟರಿ' ಇದಕ್ಕೆ ವ್ಯತಿರಿಕ್ತ. ಒಂದೊಂದು ಕಂತು ನಾಲ್ಕೈದು ಗಂಟೆ ಹಿಡಿಯುವುದುಂಟು; ಯುದ್ಧದ ವರ್ಣನೆಗೆ ಬಂದರೆ ಕೇಳುಗನ ಮೈ ಬೆವರುತ್ತದೆ. ತಾನು ಇತಿಹಾಸಕಾರನಲ್ಲವೆಂದು ಅವರು ಆಗಾಗ ಹೇಳಿಕೊಳ್ಳುವುದು ಪ್ರಾಮಾಣಿಕತೆಯ ಗುರುತು. ಆದರೆ ಆ ಧ್ವನಿಯ ರಭಸದಲ್ಲಿ ಆ ಎಚ್ಚರಿಕೆ ನಮ್ಮ ನೆನಪಿನಲ್ಲಿ ಉಳಿಯುವುದು ಕಷ್ಟ.

2020ರಲ್ಲಿ ಆರಂಭವಾದ 'ದಿ ರೆಸ್ಟ್ ಈಸ್ ಹಿಸ್ಟರಿ'ಯಲ್ಲಿ ಟಾಮ್ ಹಾಲೆಂಡ್ ಮತ್ತು ಡೊಮಿನಿಕ್ ಸ್ಯಾಂಡ್‌ಬ್ರೂಕ್ ಎಂಬ ಇಬ್ಬರು ಲೇಖಕರು ಪರಸ್ಪರ ಹರಟುತ್ತಾರೆ. 2022ರಲ್ಲಿ ಬಂದ 'ಎಂಪೈರ್'ನಲ್ಲಿ ವಿಲಿಯಂ ಡಾಲ್ರಿಂಪಲ್ ಮತ್ತು ಅನಿತಾ ಆನಂದ್ ಮೊದಲು ಕೈಗೆತ್ತಿಕೊಂಡದ್ದು ಈಸ್ಟ್ ಇಂಡಿಯಾ ಕಂಪನಿಯ ಭಾರತವನ್ನು. ವಿಷಯ ಬಲ್ಲ ವಿದ್ವಾಂಸರನ್ನೂ ಕರೆಸಿ ಪ್ರಶ್ನಿಸುತ್ತಾರೆ. ನಮ್ಮವರೇ ಆದ ಅನಿರುದ್ಧ ಕನಿಸೆಟ್ಟಿ ಅವರ 'ಎಕೋಸ್ ಆಫ್ ಇಂಡಿಯಾ' ಪ್ರಾಚೀನ ಭಾರತದ ಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳುತ್ತದೆ. ಕನ್ನಡದಲ್ಲಿ 'ತಲೆ-ಹರಟೆ'ಯವರು ಅತಿಥಿಗಳೊಡನೆ ನಾನಾ ವಿಷಯ ಮಾತನಾಡುವಾಗ ಚರಿತ್ರೆಯೂ ಬಂದುಹೋಗುತ್ತದೆ. ನಮ್ಮ ಭಾಷೆಯಲ್ಲಿ ಇಂಥ ಪ್ರಯತ್ನಗಳು ಇನ್ನಷ್ಟು ಬೇಕು.

ಇವನ್ನೆಲ್ಲ ಕೇಳುತ್ತಾ ಹೋದಂತೆ ನನಗೆ ನೆನಪಾದದ್ದು ತಾಳಮದ್ದಳೆ. ನಮ್ಮ ಕರಾವಳಿಯವರಿಗೆ ಕಿವಿಯಿಂದ ಕಥೆ ಕೇಳುವುದು ಹೊಸ ವಿದ್ಯೆಯಲ್ಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು, ಚೆಂಡೆಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳು. ಪ್ರಸಂಗದ ಪದ್ಯ ಮೊದಲೇ ಬರೆದಿಟ್ಟದ್ದು. ಅರ್ಥ ಮಾತ್ರ ಆ ಕ್ಷಣದಲ್ಲಿ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಲು ಜನ ಇರುಳಿಡೀ ಕುಳಿತಿರುತ್ತಿದ್ದರು. ವಾಲಿವಧೆಯಲ್ಲಿ ಬಾಣ ತಗಲಿ ಬಿದ್ದ ವಾಲಿ ರಾಮನನ್ನೇ ಪ್ರಶ್ನಿಸುತ್ತಾನೆ, ರಾಮ ಉತ್ತರಿಸಲೇಬೇಕು. ಉತ್ತರ ಸಾಲದಿದ್ದರೆ ಸಭೆಗೆ ಅದು ತಿಳಿಯುತ್ತದೆ. ಯಾವ ಮಾತಿಗೂ ಎದುರು ಮಾತೊಂದಿದೆ ಎಂಬ ಶಿಕ್ಷಣವನ್ನು ತಾಳಮದ್ದಳೆಯು ಓದುಬರಹ ಬಾರದವರಿಗೂ ಕೊಟ್ಟಿತು.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಚರಿತ್ರೆಯ ಪಾಡ್‌ಕಾಸ್ಟಿನ ಮುಖ್ಯ ದೌರ್ಬಲ್ಯ ಸ್ಪಷ್ಟವಾಗುತ್ತದೆ. ಒಬ್ಬನೇ ಮಾತನಾಡುವಲ್ಲಿ ಎದುರು ಅರ್ಥಧಾರಿಯೇ ಇಲ್ಲ. ಇಬ್ಬರಿರುವಲ್ಲಿಯೂ ಇಬ್ಬರೂ ಸ್ನೇಹಿತರು, ಒಂದೇ ಬಗೆಯ ಪುಸ್ತಕ ಓದಿದವರು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಹೌದೆನ್ನುವುದೇ ಹೆಚ್ಚು. ಪುಸ್ತಕವಾದರೆ ಅಡಿಟಿಪ್ಪಣಿ ಇರುತ್ತದೆ, ಹಿಂದಿನ ಪುಟಕ್ಕೆ ಮರಳಿ ಇಸವಿ ನೋಡಬಹುದು. ಧ್ವನಿ ಹಾಗೆ ನಿಲ್ಲುವುದಿಲ್ಲ. ಅದು ಕಿವಿಯೊಳಗೇ ಆಪ್ತನಂತೆ ಮಾತನಾಡುತ್ತದೆ. ಆಪ್ತನ ಮಾತನ್ನು ಯಾರು ಪರೀಕ್ಷಿಸುತ್ತಾರೆ?

ಇದು ಬರಿಯ ಕಲಾವಿಮರ್ಶೆಯ ಮಾತಲ್ಲವೆಂದು ನನಗೆ ಮನವರಿಕೆಯಾದ ಸಂದರ್ಭವೊಂದನ್ನು ಹೇಳಬೇಕು. ಒಂದು ಸಂಜೆ ತಂಗಿಯ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ಹುಡುಗ ಅಂದು ಟಿಪ್ಪುವಿನ ಕಾಲದ ಕ್ರೈಸ್ತರ ಸೆರೆಯ ಕುರಿತು ಯಾವುದೋ ಧ್ವನಿ ಕಾರ್ಯಕ್ರಮವನ್ನು ಕೇಳಿದ್ದ. ಮರುವಾರ ನೆರೆಯ ಮುಸ್ಲಿಂ ಮನೆಯಲ್ಲಿ ಮದುವೆ. ಅವನು ಅನ್ನ ಕಲಸುತ್ತಾ, "ಮಾಮ, ಅವರ ಮದುವೆಗೆ ನಾವೇಕೆ ಹೋಗಬೇಕು?" ಎಂದು ಕೇಳಿದ. ತಂಗಿಯ ಕೈ ಅಲ್ಲಿಯೇ ನಿಂತಿತು. ಮೂವತ್ತು ವರ್ಷಗಳಿಂದ ಎರಡೂ ಮನೆಗಳ ನಡುವೆ ಹಲಸಿನ ಹಣ್ಣು, ಕ್ರಿಸ್ಮಸ್ಸಿನ ಕುಸ್ವಾರ್, ಹಬ್ಬದ ಬಿರಿಯಾನಿ ಓಡಾಡಿವೆ.

ಮರುದಿನ ನಾನೂ ಅದನ್ನು ಕೇಳಿದೆ. ಹೇಳುವವನ ಕಂಠ ಚೆನ್ನಾಗಿತ್ತು, ಹಿನ್ನೆಲೆಯಲ್ಲಿ ಮೃದಂಗವೂ ಇತ್ತು. 1784ರ ವಿಭೂತಿ ಬುಧವಾರದಂದು ಬಂಧನ ನಡೆಯಿತೆಂಬ ನಮ್ಮ ಪರಂಪರೆಯ ಮಾತು ಅಲ್ಲಿತ್ತು. ಶ್ರೀರಂಗಪಟ್ಟಣಕ್ಕೆ ನಡೆದುಹೋದವರ ಸಂಕಟ, 1799ರ ಮೇ 4ರಂದು ಟಿಪ್ಪು ಮಡಿದ ಬಳಿಕ ದೊರೆತ ಬಿಡುಗಡೆ, ಎಲ್ಲವೂ ಇದ್ದವು. ಅದು ನಮ್ಮ ಪೂರ್ವಜರ ನಿಜವಾದ ಯಾತನೆ. ಅದನ್ನು ಮರೆಯೆಂದು ಯಾರೂ ಹೇಳಲಾರರು. ಆದರೆ ತಾಳಮದ್ದಳೆಯ ಕಿವಿಯಿಂದ ಕೇಳಿದಾಗ ನಾಲ್ಕು ಪ್ರಶ್ನೆಗಳು ಎದ್ದವು.

ಮೊದಲನೆಯದು ಇಸವಿಯದು. ಆ ಕಥನದಲ್ಲಿ 1784ರ ಸೆರೆಯಾಳುಗಳನ್ನು ಟಿಪ್ಪು ಕಟ್ಟಿಸಿದ ಜಮಾಲಾಬಾದ್ ಕೋಟೆಯ ನೆತ್ತಿಯಿಂದ ತಳ್ಳಲಾಗುತ್ತದೆ. ಬೆಳ್ತಂಗಡಿಯವರು ದಿನವೂ ನೋಡುವ ಗಡಾಯಿಕಲ್ಲೇ ಅದು. ಟಿಪ್ಪು ಆ ಕೋಟೆ ಕಟ್ಟಿಸಿದ್ದು 1794ರಲ್ಲಿ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಹತ್ತು ವರ್ಷ ಮೊದಲೇ ಅಲ್ಲಿ ಆ ಕೋಟೆ ಹೇಗೆ ಬಂದೀತು? ಬಂಡೆಯಂತೂ ಇತ್ತು, ನರಸಿಂಹಗಡವೆಂಬ ಹೆಸರೂ ಅದಕ್ಕಿದೆ. ನಂತರದ ವರ್ಷಗಳ ನೆನಪು ಹಿಂದಿನ ನೆನಪಿನೊಡನೆ ಬೆಸೆದುಕೊಂಡಿರಬಹುದು. ಇಸವಿ ತಪ್ಪಿದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ. ಆದರೆ ಹೇಳುವವನು ಲೆಕ್ಕ ಕೂಡಿಸಿ ನೋಡಬೇಕಿತ್ತು.

ಎರಡನೆಯದು ಸಂಖ್ಯೆಯದು. ಅವನು ಒಂದೇ ಅಂಕಿಯನ್ನು ಖಚಿತವಾಗಿ ಹೇಳಿದ. ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ಆಂಗ್ಲ ನಾವಿಕ ಜೇಮ್ಸ್ ಸ್ಕರಿ 30,000 ಎನ್ನುತ್ತಾನೆ; ಟಿಪ್ಪುವಿನ ಆಸ್ಥಾನದ 'ಸುಲ್ತಾನ್-ಉತ್-ತವಾರಿಖ್' 60,000 ಎನ್ನುತ್ತದೆ; 80,000ದವರೆಗೆ ಹೇಳುವವರೂ ಇದ್ದಾರೆ. ಈ ವ್ಯತ್ಯಾಸವನ್ನು ಕೇಳುಗನಿಗೆ ತಿಳಿಸುವುದೇ ಚರಿತ್ರೆ.

ಮೂರನೆಯದು ಕಾರಣದ್ದು. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಮಂಗಳೂರನ್ನು ಹಿಡಿದದ್ದು, ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದು, ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆ, ಇವನ್ನು ಆ ಕಥನ ಬಿಟ್ಟುಬಿಟ್ಟಿತ್ತು. ಕಾರಣ ಹೇಳಿದರೆ ಕ್ರೌರ್ಯ ಕ್ಷಮ್ಯವಾಗುವುದಿಲ್ಲ. ಆದರೆ ಕಾರಣವಿಲ್ಲದ ಕಥೆಯನ್ನು ಕೇಳಿದ ಹುಡುಗನಿಗೆ ರಾಜನೊಬ್ಬನ ಯುದ್ಧನೀತಿಯು ಒಂದು ಧರ್ಮದ ಸ್ವಭಾವವಾಗಿ ಕಂಡಿತು. 1791ರಲ್ಲಿ ಮರಾಠಾ ಸೈನ್ಯದವರು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದಾಗ ಮಠಕ್ಕೆ ನೆರವು ಕಳುಹಿಸಿದವನೂ ಇದೇ ಟಿಪ್ಪು. ಆ ಕನ್ನಡ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಎರಡನ್ನೂ ಒಟ್ಟಿಗೆ ಹಿಡಿದಿಡಲಾರದ ಕಥನವು ಬಾಲಿಶವಾದುದು, ಅದು ಟಿಪ್ಪುವನ್ನು ಹೊಗಳಲಿ, ತೆಗಳಲಿ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು: ಕಾಪಾಡಿದವರು ಎಲ್ಲಿ? ಆಗ ಇಪ್ಪತ್ತೇಳು ಚರ್ಚುಗಳು ನೆಲಸಮವಾದವೆಂದು ನಾವು ಹೇಳುತ್ತೇವೆ. ಮೂಡುಬಿದಿರೆ ಸಮೀಪದ ಹೊಸಬೆಟ್ಟಿನ ಪವಿತ್ರ ಶಿಲುಬೆಯ ದೇವಾಲಯ ಉಳಿದದ್ದು ಜೈನನಾದ ಚೌಟ ಅರಸನ ಸ್ನೇಹದಿಂದ ಎಂಬುದು ನಮ್ಮ ಪರಂಪರೆಯೇ ಹೇಳುವ ಮಾತು. ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿ, ನೇತ್ರಾವತಿಯ ದಡದ ಮೊಂತಿ ಮರಿಯಾನೊ ಉಳಿದದ್ದು ಅಲ್ಲಿಯ ಫಾದರ್ ಮಿರಾಂದರಿಗೆ ಮೈಸೂರಿನ ದೊರೆಗಳಲ್ಲಿ ಇದ್ದ ಗೌರವದಿಂದ ಎಂದು ಇನ್ನೊಂದು ಐತಿಹ್ಯ. ಹೊಸಬೆಟ್ಟಿನದೊಂದೇ ಉಳಿಯಿತೆನ್ನುವವರೂ ಇರುವುದರಿಂದ ಈ ಎರಡು ಮಾತುಗಳು ಪೂರ್ತಿ ಹೊಂದುವುದಿಲ್ಲ. ಅದನ್ನೂ ಕೇಳುಗನಿಗೆ ಹೇಳಬೇಕು. ಆದರೂ ಜೈನ ಅರಸನೊಬ್ಬ ಕ್ರೈಸ್ತರ ದೇವಾಲಯಕ್ಕೆ ನೆರಳಾದ ನೆನಪನ್ನು ಬಿಟ್ಟು ಈ ಕಥೆ ಹೇಳುವುದು ಹೇಗೆ? ಒಂದೇ ಕಥೆ ನಮ್ಮ ಮೂರು ಊರುಗಳಲ್ಲಿ ಹರಡಿದೆ. ಆ ಕಾರ್ಯಕ್ರಮಕ್ಕೆ ಬೇಕಾದದ್ದು ಗಡಾಯಿಕಲ್ಲು ಮಾತ್ರ. ಹೊಸಬೆಟ್ಟು, ಫರಂಗಿಪೇಟೆಗಳಲ್ಲಿ ಕಿರುಚಾಟವಿಲ್ಲ, ಮೃದಂಗಕ್ಕೆ ಕೆಲಸವಿಲ್ಲ.

ಹುಡುಗನಿಗೆ ನಾನು ಉಪದೇಶ ಮಾಡಲಿಲ್ಲ. ಮುಂದಿನ ಭಾನುವಾರ ಪೂಜೆಯ ಬಳಿಕ ಅವನನ್ನು ಹೊಸಬೆಟ್ಟಿಗೆ ಕರೆದುಕೊಂಡು ಹೋದೆ. ಆ ಬಳಿಕ 1794ರಿಂದ 1784ನ್ನು ಕಳೆಯಲು ಹೇಳಿದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಮದುವೆಗೆ ನಮ್ಮೊಡನೆ ಬಂದ. ಅವನ ಮನಸ್ಸು ಪೂರ್ತಿ ತಿಳಿಯಾಯಿತೆಂದು ನಾನು ಹೇಳಲಾರೆ, ಆದರೆ ಈಗ ಯಾವ ಕಾರ್ಯಕ್ರಮ ಕೇಳಿದರೂ, "ಇದನ್ನು ಇವರು ಎಲ್ಲಿ ಓದಿದರು ಮಾಮ?" ಎಂದು ಕೇಳುತ್ತಾನೆ.

ಈ ಪ್ರಶ್ನೆಯೇ ನಿಮ್ಮ ಮನೆಯಲ್ಲಿಯೂ ಹುಟ್ಟಲಿ ಎಂಬುದು ನನ್ನ ಆಶಯ. ಆಧಾರ ಹೇಳುವ, 'ಇದು ಗೊತ್ತಿಲ್ಲ' ಎನ್ನಲು ಅಂಜದ, ತನಗಿಂತ ಹೆಚ್ಚು ಬಲ್ಲವರನ್ನು ಕರೆಸಿ ಕೇಳುವ ಪಾಡ್‌ಕಾಸ್ಟನ್ನು ನಂಬಬಹುದು. ಸಿಟ್ಟನ್ನಷ್ಟೇ ಉಳಿಸಿ ಹೋಗುವುದನ್ನು ದೂರವಿಡಬೇಕು. ಕೇಳಿದ ಮೇಲೆ ಒಂದು ಪುಸ್ತಕಕ್ಕೂ ಕೈಹಾಕಿ. 1801ರಲ್ಲಿ ನಮ್ಮ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸಗ್ರಂಥ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅಲನ್ ಮಚಾದೊ ಪ್ರಭು ಅವರ 'ಸರಸ್ವತೀಸ್ ಚಿಲ್ಡ್ರನ್' 1999ರಲ್ಲಿ, 'ಸ್ಲೇವ್ಸ್ ಆಫ್ ಸುಲ್ತಾನ್ಸ್' 2015ರಲ್ಲಿ ಬಂದವು. ಬಿ.ಸಿ.ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ನಮ್ಮ ಅಜ್ಜಂದಿರು ಬಳಸಿದ ನೇಗಿಲು, ಮಡಕೆಗಳೂ ಚರಿತ್ರೆಯೆಂದು ಅಲ್ಲಿ ಅವರಿಗೆ ತಿಳಿಯುತ್ತದೆ.

ದೋಷವನ್ನು ಪಾಡ್‌ಕಾಸ್ಟಿನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳಿದ ಸೆರೆಯ ಕಥೆಗೂ ಎದುರು ಅರ್ಥಧಾರಿ ಇರಲಿಲ್ಲ. ಚೌಟ ಅರಸನ ಹೆಸರನ್ನು ನಾನು ಕೇಳಿದ್ದೇ ನಡುವಯಸ್ಸಿನಲ್ಲಿ. ಹೇಳದೆ ಉಳಿದ ಕಥೆಗಳಂತೂ ಎಷ್ಟೋ. ಕಳೆದ ಶತಮಾನದ ನಡುಭಾಗದಲ್ಲಿ ತಿರುವಾಂಕೂರಿನ ಕಡೆಯಿಂದ ಬಂದು ಬೆಳ್ತಂಗಡಿಯ ಗುಡ್ಡಗಳಲ್ಲಿ ಕೃಷಿ ಆರಂಭಿಸಿದ ಕುಟುಂಬಗಳಿವೆ. 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯ ಸ್ಥಾಪನೆಯಾದುದರ ಹಿಂದೆ ಅವರ ಬೆವರಿದೆ. ಮಲೇರಿಯ, ಕಾಡುಹಂದಿ, ಅರ್ಥವಾಗದ ಭಾಷೆ, ಅಕ್ಕಿ ಕೊಟ್ಟ ನೆರೆಯವರು, ಇವುಗಳ ನೆನಪನ್ನು ಇಟ್ಟುಕೊಂಡವರು ಈಗ ಎಂಬತ್ತು ದಾಟಿದ್ದಾರೆ.

ಒಂದು ಸಂಜೆ ಪ್ರಾರ್ಥನೆಯ ಬಳಿಕ ಅಂಥವರ ಮುಂದೆ ಮೊಬೈಲನ್ನು ಇಟ್ಟು ಮುದ್ರಣದ ಗುಂಡಿ ಒತ್ತಿ, ಮೊಮ್ಮಗನನ್ನು ಎದುರಿಗೆ ಕೂರಿಸಿ. ಅವನು ಪ್ರಶ್ನೆ ಕೇಳಲಿ, ಅಜ್ಜಿ ಉತ್ತರಿಸಲಿ, ನೆನಪಾಗದಿದ್ದರೆ ನೆನಪಿಲ್ಲವೆನ್ನಲಿ.