ಉದ್ಯಾನ, ಮಧುಪಾನ ಮತ್ತು ದೇಶೌಚಿತ್ಯ

ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯಕ್ಕೆ ವಿಧಿಸಿದ ವರ್ಣನೆಗಳಲ್ಲಿ ಉದ್ಯಾನ, ಜಲಕ್ರೀಡೆ, ಮಧುಪಾನಗಳು ಒಂದರ ಬೆನ್ನಿಗೊಂದು ಬರುತ್ತವೆ. ನಮ್ಮ ಚಂಪೂಕವಿಗಳು ಈ ವಿಧಿಯನ್ನು ಶಿರಸಾವಹಿಸಿದರು. ಇದರ ಫಲವಾಗಿ, ತೋಟವು ಯಾವ ದೇಶದ ಅರಸನದಾದರೂ ಅದೇ ಅಶೋಕ, ಅದೇ ಚಂಪಕ, ಅದೇ ಬಕುಲ. ಕಾಂತೆಯು ಉಗುಳಿದ ಮದ್ಯದಿಂದ ಬಕುಲವು ಅರಳುವುದೆಂಬ ಕವಿಸಮಯವಂತೂ ಮರವನ್ನು ನೋಡಿ ಹುಟ್ಟಿದುದಲ್ಲ. ಪಂಪನೂ ಸಂಪ್ರದಾಯದ ಹೊರಗಿನವನಲ್ಲ. ಆದರೂ ವಿಕ್ರಮಾರ್ಜುನವಿಜಯದ (941) ನಾಲ್ಕನೆಯ ಆಶ್ವಾಸದಲ್ಲಿ ಅವನು ಬನವಾಸಿಯನ್ನು ನೆನೆದು ಹೇಳುವ ಮಾವು, ಎಲೆಬಳ್ಳಿ, ಜಾಜಿ, ಸಂಪಗೆಗಳು ಬರಿಯ ಪಟ್ಟಿಯೆನಿಸುವುದಿಲ್ಲ. ಅವು ಮಲೆನಾಡಿನ ಮಗ್ಗುಲಲ್ಲಿ ಸಹಜವಾಗಿ ಬೆಳೆಯತಕ್ಕವು. ಪಾನಗೋಷ್ಠಿಯ ವರ್ಣನೆಯೂ ಅದೇ ಆಶ್ವಾಸದಲ್ಲಿಯೇ ಇರುವುದು ಗಮನಾರ್ಹ.

ಕ್ಷೇಮೇಂದ್ರನು ದೇಶೌಚಿತ್ಯವನ್ನು ಬೇರೆಯಾಗಿ ಎಣಿಸಿರುವನು. ಕಾವ್ಯಕ್ಕೆ ಹಿಡಿದ ಈ ಒರೆಗಲ್ಲನ್ನು ನಿಜವಾದ ತೋಟಕ್ಕೂ ಹಿಡಿಯಬಹುದು. ಕರ್ನಾಟಕದಲ್ಲಿ 2007ರ ದ್ರಾಕ್ಷಾರಸ ನೀತಿಯ ತರುವಾಯ ವೈನು ತಯಾರಿಸುವ ಮನೆಯೂ ಅದರ ಸುತ್ತಣ ಉದ್ಯಾನವೂ ಕೇವಲ ಕವಿಕಲ್ಪನೆಯಲ್ಲ. ದಾವಣಗೆರೆ ಜಿಲ್ಲೆಯಲ್ಲಿ ಅಂತಹ ಉದ್ಯಾನವೊಂದನ್ನು ರಚಿಸಬೇಕಾದರೆ ಯಾವ ಮರಗಳನ್ನು ಆರಿಸುವುದು?

ಚನ್ನಗಿರಿಯಲ್ಲಿ ಸೂಳೆಕೆರೆಯ ನೀರುಂಟು, ಅಡಕೆಯ ನೆರಳುಂಟು; ಅಲ್ಲಿ ಸಂಪಗೆ, ಬಕುಲಗಳನ್ನು ನೆಟ್ಟರೆ ಪಂಪನೂ ಒಪ್ಪಿಯಾನು. ಹೊನ್ನಾಳಿಗೂ, ಹಿಂದೆ ಅದಕ್ಕೇ ಸೇರಿದ್ದ ನ್ಯಾಮತಿಗೂ ತುಂಗಭದ್ರೆಯ ದಡವಿರುವುದರಿಂದ ಹೊಳೆಮತ್ತಿ, ಹೊಂಗೆಗಳು ಸಾಕು. ದ್ರಾಕ್ಷಿಯ ಬೇರು ಮಾತ್ರ ನಿಂತ ನೀರನ್ನು ಸಹಿಸದಾದುದರಿಂದ ಬಳ್ಳಿಯನ್ನು ದಡದಿಂದ ಮೇಲೆ, ನೀರು ಬಸಿಯುವ ನೆಲದಲ್ಲಿ ಇಡಬೇಕು.

ಜಗಳೂರಿನ ಮಾತೇ ಬೇರೆ. ಮಳೆ ಕಡಮೆಯಾದ ಆ ಬಯಲುಸೀಮೆಯಲ್ಲಿ, ಕೊಂಡುಕುರಿಯ ರಕ್ಷಣೆಗೆಂದು 2011ರಲ್ಲಿ ವನ್ಯಧಾಮವಾದ ರಂಗಯ್ಯನದುರ್ಗದ ಕುರುಚಲು ಕಾಡೇ ಉದ್ಯಾನಕಾರನ ಲಕ್ಷಣಗ್ರಂಥ. ಕಮರ, ಕಗ್ಗಲಿ, ಜಾಲಿ, ಕವಳೆ, ಬರದಲ್ಲಿಯೂ ಹಳದಿ ಹೂ ಬಿಡುವ ತಂಗಡಿ, ಇವು ಚಂಪೂಕವಿಗಳ ಉದ್ಯಾನದಲ್ಲಿ ಆದರ ಪಡೆದವಲ್ಲ. ಆದರೆ ಇಲ್ಲಿ ಬಕುಲವನ್ನು ನೆಟ್ಟು ದಿನವೂ ಕೊಳವೆಬಾವಿಯ ನೀರೆರೆಯುವುದು ಅಷ್ಟಾದಶವರ್ಣನೆಯ ಲೆಕ್ಕ ತುಂಬಿಸಲು ಮರುಭೂಮಿಯಲ್ಲಿ ಜಲಕ್ರೀಡೆಯನ್ನು ವರ್ಣಿಸಿದಂತೆಯೇ ಸರಿ. ತಂಗಡಿಯ ಬೇಲಿಯಿಂದ ಜೇನಿಗೂ ಮೇವು ದೊರೆಯುವುದು.

ದ್ರಾಕ್ಷಿಯೇ ಪರದೇಶದ ಬಳ್ಳಿಯಾಗಿರುವಾಗ ದೇಶೀಯ ಗಿಡಗಳ ಹಟವೇಕೆಂಬ ಆಕ್ಷೇಪವು ಬರಬಹುದು. ಅತಿಥಿಯು ಬಂದನೆಂದು ಮನೆಯವರನ್ನು ಹೊರಡಿಸುವ ಪದ್ಧತಿಯು ಎಲ್ಲಿಯೂ ಇಲ್ಲ. ಹಾಗೆಂದು ದೇಶೀಯವಾದುದೆಲ್ಲವೂ ಎಲ್ಲೆಡೆಯೂ ಸಲ್ಲುವುದೆಂದಲ್ಲ: ನೇರಿಲ ಮರವು ಬಳ್ಳಿಸಾಲಿಗೆ ಹತ್ತಿರವಾದರೆ ಅದರ ಹಣ್ಣಿಗೆ ಬರುವ ಹಕ್ಕಿಗಳು ದ್ರಾಕ್ಷಿಯನ್ನೂ ಬಿಡವು. ಇನ್ನು, ಮಧುವಿನ ಮನೆಯ ಬಾಗಿಲಲ್ಲಿ ನಿಲ್ಲಲು ಬಕುಲಕ್ಕಿಂತ ಹೆಚ್ಚಿನ ಹಕ್ಕುಳ್ಳ ಮರಗಳು ಎರಡುಂಟು: ಹೂವಿನಿಂದ ಮದ್ಯವೀಯುವ ಹಿಪ್ಪೆ ಒಂದು, ಹಳ್ಳದ ದಂಡೆಯಲ್ಲಿ ತಾನೇ ಹುಟ್ಟಿ ಕಳ್ಳೀಯುವ ಈಚಲು ಇನ್ನೊಂದು.